ಎಡ ರೆಕ್ಕೆಯ ಏಳು ಗರಿ

ಹುಮನಾಬಾದಿನ ಪಶು ಆಸ್ಪತ್ರೆಯ ಸಭಾಂಗಣದಲ್ಲಿ ನಮ್ಮ ಹಕ್ಕಿ ವೈದ್ಯದ ತರಬೇತಿ ಶುರುವಾದದ್ದು ಹಸಿ ಮೊಟ್ಟೆಯಿಂದ. ಕಲಿಸಲು ಬಂದಿದ್ದ ಮೇಡಂ ನಮಗೆಲ್ಲ ತಂಗಿಯ ವಯಸ್ಸಿನವರು, ಹಕ್ಕಿಗಳ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರು. ಪ್ರತಿಯೊಬ್ಬರ ಎಡಗೈಗೆ ಒಂದೊಂದು ಕೋಳಿಮೊಟ್ಟೆ ಕೊಟ್ಟು, "ಇದನ್ನು ಹಿಡಿದುಕೊಂಡೇ ಬಲಗೈಯಲ್ಲಿ ಸಿರಿಂಜಿಗೆ ನೀರು ತುಂಬಿ" ಎಂದರು. ಅಲ್ಲಿ ಕೂತಿದ್ದವರೆಲ್ಲ ಸುತ್ತಲಿನ ತಾಲೂಕುಗಳ ದನದ ಡಾಕ್ಟರರು. ಒದೆಯುವ ಎಮ್ಮೆಯ ಮೂಗು ಹಿಡಿದು ನಿಲ್ಲಿಸಿದ ಕೈಗಳು. ಮೊದಲು ಒಡೆದದ್ದು ನನ್ನ ಮೊಟ್ಟೆ.

"ಪರವಾಗಿಲ್ಲ ಸರ್," ಎಂದರು ಮೇಡಂ, ನನ್ನ ಪ್ಯಾಂಟಿನ ಮೇಲೆ ಇಳಿಯುತ್ತಿದ್ದ ಲೋಳೆಯನ್ನು ನೋಡುತ್ತ. "ಆದರೆ ಇದು ಹಕ್ಕಿಯಾಗಿದ್ದರೆ ಈಗ ಸತ್ತಿತ್ತು. ಹಕ್ಕಿಗೆ ನಮ್ಮ ಹಾಗೆ ಉಸಿರೆಳೆಯುವ ವಪೆ ಇಲ್ಲ. ಎದೆಯೆಲುಬು ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಕತ್ತು ಹಿಸುಕಬೇಕಾಗಿಲ್ಲ, ಎದೆ ಒತ್ತಿದರೆ ಸಾಕು, ಕೊಕ್ಕು ತೆರೆದುಕೊಂಡೇ ಸಾಯುತ್ತದೆ."

ನಾನು ಹುಟ್ಟಾ ಚಿಂತೆಯ ಮನುಷ್ಯ. ಸ್ಕೂಟರಿಗೆ ಕೀಲಿ ಹಾಕಿ ಹತ್ತು ಹೆಜ್ಜೆ ನಡೆದು ಮತ್ತೆ ಬಂದು ನೋಡುವವನು. ಬಸವಕಲ್ಯಾಣದ ನನ್ನ ಆಸ್ಪತ್ರೆಗೆ ಯಾರಾದರೂ ಹಕ್ಕಿ ತಂದರೆ ನನ್ನ ಚಿಕಿತ್ಸೆ ಒಂದೇ: "ಬೀದರಕ್ಕ ಒಯ್ಯಿರಿ." ಬೀದರಿನ ದಾರಿ ನನ್ನ ಕೈಯಲ್ಲಿ ಆಗಬಹುದಾದ ಸಾವನ್ನು ನನ್ನ ಕಣ್ಣಿಂದ ಮರೆಮಾಡುತ್ತಿತ್ತು, ಅಷ್ಟೆ. ಇಲಾಖೆಯವರು ತರಬೇತಿಗೆ ಹೆಸರು ಕೇಳಿದಾಗ ನಮ್ಮ ಕಂಪೌಂಡರ್ ನನ್ನ ಹೆಸರನ್ನು ತಾನೇ ಹೇಳಿಬಿಟ್ಟಿದ್ದ. ಯಾಕಪ್ಪಾ ಎಂದರೆ, "ಕೋಳಿ ಹಿಡಕೊಂಡು ಬಂದ ಹೆಣ್ಣಮಕ್ಕಳ ಬೈಗಳಾ ನಾ ತಿನ್ನಾಕತ್ತೇನ್ರಿ. ನೀವು ಒಳಗ ಕೂತಿರ್ತೀರಿ" ಎಂದ.

ಪಾಠಗಳು ಫೋನಿನಲ್ಲಿ, ಶನಿವಾರದ ಪ್ರಾತ್ಯಕ್ಷಿಕೆ ಹುಮನಾಬಾದಿನಲ್ಲಿ. ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಹಕ್ಕಿಯನ್ನು ಮೊದಲಿನಿಂದ ಕಡೆಯವರೆಗೆ ನೋಡಿಕೊಂಡು ಗುಣಪಡಿಸಿ ತೋರಿಸಬೇಕು. ನಾನು ಪಾದದಲ್ಲಿ ಗಂಟಾದ ಒಂದು ಶಾಂತ ಸ್ವಭಾವದ ಹುಂಜವನ್ನು ಮನಸ್ಸಿನಲ್ಲೇ ಆರಿಸಿಟ್ಟುಕೊಂಡಿದ್ದೆ. ಕೆಟ್ಟರೆ ಸಾರಿಗಾದರೂ ಆಗುತ್ತದೆ ಎಂಬ ಧೈರ್ಯ.

ದಸರೆಯ ಮರುದಿನ ಅರಣ್ಯ ರಕ್ಷಕ ಬಟ್ಟೆ ಮುಚ್ಚಿದ ಪಂಜರ ಹಿಡಿದು ಬಾಗಿಲಲ್ಲಿ ನಿಂತ.

ನಮ್ಮ ಕಡೆ ದಸರೆಗೆ ನೀಲಕಂಠ ಹಕ್ಕಿ ಕಂಡರೆ ಒಳ್ಳೆಯದೆಂಬ ನಂಬಿಕೆ. ಬನ್ನಿ ಹಂಚುವ ಮೊದಲು ಊರ ಹೊರಗೆ ಹೋಗಿ ತಂತಿಯ ಮೇಲೆ, ಜಾಲಿಯ ತುದಿಯಲ್ಲಿ ಹುಡುಕುತ್ತೇವೆ. ಈಗೀಗ ಹುಡುಕಲು ಪುರುಸೊತ್ತಿಲ್ಲದವರ ಮನೆ ಬಾಗಿಲಿಗೇ ಹಕ್ಕಿ ತಂದು ತೋರಿಸುವವರು ಹುಟ್ಟಿಕೊಂಡಿದ್ದಾರೆ. ಅಂಟು ಹಚ್ಚಿದ ಕಡ್ಡಿ ಇಟ್ಟು ಹಿಡಿಯುತ್ತಾರೆ, ಹಾರದಂತೆ ಒಂದು ರೆಕ್ಕೆಯ ಗರಿಗಳನ್ನು ಕತ್ತರಿಸುತ್ತಾರೆ. ಅಂಥವನೊಬ್ಬನನ್ನು ರಕ್ಷಕ ಹುಮನಾಬಾದಿನ ಒಂದು ಓಣಿಯಲ್ಲಿ ಹಿಡಿದಿದ್ದ. ಹುಡಗಿ ಎಂಬ ಊರಿನ ಹೊಲದಲ್ಲಿ ಸಿಕ್ಕಿತೆಂದು ಅವನು ಒಪ್ಪಿಕೊಂಡಿದ್ದನಂತೆ.

"ಬೀದರಕ್ಕ..." ಎಂದು ಬಾಯಿ ತೆರೆದೆ.

"ಹೋಗಿ ಬಂದೇನ್ರಿ," ಎಂದ ರಕ್ಷಕ. "ಕಲ್ಯಾಣದ ಸಾಹೇಬ್ರು ಹಕ್ಕಿ ಟ್ರೇನಿಂಗ್ ಮಾಡಾಕತ್ತಾರ, ಅವರ ಕಡೆ ಒಯ್ಯಿ ಅಂದ್ರು."

ಮೂಲೆಯಲ್ಲಿ ಕಂಪೌಂಡರ್ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಬಟ್ಟೆ ಸರಿಸಿದರೆ ಎದೆ ಕಂದು, ಹೊಟ್ಟೆ ತಿಳಿನೀಲಿ, ಸಣ್ಣ ಕಣ್ಣಲ್ಲಿ ದೊಡ್ಡ ಸಿಟ್ಟು. ಬಾಲದ ಗರಿಗಳು ಅಂಟಿನಿಂದ ಒಂದೇ ಪಟ್ಟಿಯಾಗಿದ್ದವು. ಮೆತ್ತನೆಯ ಕರವಸ್ತ್ರದಲ್ಲಿ ಸುತ್ತಿ, ಎದೆ ಮುಟ್ಟದಂತೆ, ಮೊಟ್ಟೆಯನ್ನು ನೆನೆಯುತ್ತ ಎತ್ತಿದೆ. ಅಡುಗೆಯ ತಕ್ಕಡಿಯಲ್ಲಿ ಇಟ್ಟರೆ ಒಂದು ಈರುಳ್ಳಿಯಷ್ಟು ತೂಕ. ಬೆರಳಿಗೆ ಎದೆಯೆಲುಬು ಚೂಪಾಗಿ ಹತ್ತಿತು, ಮಾಂಸ ಕರಗಿತ್ತು. ಎಲುಬು ಮುರಿದಿರಲಿಲ್ಲ. ರೆಕ್ಕೆ ಬಿಡಿಸಿ ನೋಡಿದರೆ, ಒಂದು ಬದಿಯ ಹೊರಗಿನ ಏಳು ದೊಡ್ಡ ಗರಿಗಳು ಅರ್ಧಕ್ಕೇ ಕತ್ತರಿಸಿದ್ದವು. ಹತ್ತರಲ್ಲಿ ಮೂರು ಮಾತ್ರ ಇಡಿಯಾಗಿ ಉಳಿದಿದ್ದವು.

ಅಂಟನ್ನು ಕಡಲೆ ಎಣ್ಣೆಯಲ್ಲಿ ಮೆತ್ತಗೆ ಮಾಡಿ, ಪಾತ್ರೆ ತೊಳೆಯುವ ಸಾಬೂನಿನ ಬೆಚ್ಚನೆಯ ನೀರಲ್ಲಿ ಗರಿ ಗರಿಯಾಗಿ ತೊಳೆದು, ಬಲ್ಬಿನ ಶಾಖದಲ್ಲಿ ಒಣಗಿಸಿದ್ದಾಯಿತು. ಅಷ್ಟರವರೆಗೆ ಎಲ್ಲವೂ ಪಾಠದಲ್ಲಿದ್ದಂತೆಯೇ ನಡೆಯಿತು. ಆಮೇಲೆ ಅದು ಊಟ ಬಿಟ್ಟಿತು.

ನೀಲಕಂಠ ಎತ್ತರದಲ್ಲಿ ಕೂತು, ನೆಲದಲ್ಲಿ ಆಡುವುದನ್ನು ಕಂಡು, ಎರಗಿ ತಿನ್ನುವ ಹಕ್ಕಿ. ತಟ್ಟೆಯಲ್ಲಿಟ್ಟದ್ದು ಅದರ ಲೆಕ್ಕಕ್ಕೆ ಊಟವೇ ಅಲ್ಲ. ನಿವೃತ್ತಿಗೆ ಹತ್ತಿರವಾದ ಕಂಪೌಂಡರ್ ಟವೆಲ್ ಬೀಸುತ್ತ ಆಸ್ಪತ್ರೆಯ ಅಂಗಳದಲ್ಲಿ ಮಿಡತೆಗಳ ಹಿಂದೆ ಓಡಿದ. "ಸರ್ಕಾರಿ ನೌಕರಿ ಅಂತ ಹೆಣ್ಣು ಕೊಟ್ರು ನೋಡ್ರಿ ನಮ್ಮ ಮಾವ," ಎಂದು ಏದುಸಿರು ಬಿಟ್ಟ. ನಾನು ಕೊಕ್ಕು ಬಿಡಿಸಿ ಚಿಮುಟದಿಂದ ಮಿಡತೆ ಒಳಗಿಡುತ್ತಿದ್ದೆ. ಒಳಗಿಟ್ಟರೆ ನುಂಗುತ್ತಿತ್ತು, ತಾನಾಗಿ ಒಂದನ್ನೂ ಮುಟ್ಟಲಿಲ್ಲ. ಪ್ರತಿ ಸಲ ಹಿಡಿದಾಗಲೂ ಎದೆ ಡವಗುಟ್ಟುತ್ತಿತ್ತು, ಅದರದ್ದೂ ನನ್ನದೂ.

ರಕ್ಷಕ ಮತ್ತೆ ಬಂದ. "ನಮ್ಮ ಸಾಹೇಬ್ರು ಹೇಳ್ಯಾರ್ರಿ. ಮುಂದಿನ ಸೋಮವಾರ ದೂರದ ಪುನರ್ವಸತಿ ಕೇಂದ್ರಕ್ಕ ಗಾಡಿ ಹೋಗತದ. ಅಷ್ಟರಾಗ ಹಾರಿದ್ರ ಇಲ್ಲೇ ಬಿಡ್ರಿ. ಇಲ್ಲಂದ್ರ ಗಾಡಿಗೆ ಹಾಕೂದು."

"ಅಲ್ಲಿ ಏನ್ ಮಾಡ್ತಾರ?"

"ಪಂಜರದಾಗ ಇಡ್ತಾರ್ರಿ. ಜಿಂದಗಿ ತನಕ."

ಮೇಡಂಗೆ ಫೋನ್ ಮಾಡಿದೆ. ಕತ್ತರಿಸಿದ ಗರಿಯ ಬುಡ ತಾನಾಗಿ ಉದುರಿ ಹೊಸದು ಬರಬೇಕಾದರೆ ಮುಂದಿನ ಮಳೆಗಾಲ ದಾಟಬೇಕು. ತಾನಾಗಿ ತಿನ್ನದ ಹಕ್ಕಿ ಪಂಜರದಲ್ಲಿ ಅಷ್ಟು ದಿನ ಉಳಿಯುವುದಿಲ್ಲ ಎಂದರು. "ಒಂದು ದಾರಿ ಇದೆ ಸರ್. ಗರಿ ಕಸಿ."

ಮಾವಿಗೆ ಕಸಿ ಕಟ್ಟುವುದನ್ನು ನೋಡಿದ್ದೆ. ಇದೂ ಹೆಚ್ಚುಕಡಿಮೆ ಹಾಗೆಯೇ. ಬೆಳೆದು ನಿಂತ ಗರಿಯ ದಂಟು ಟೊಳ್ಳು, ಅದರಲ್ಲಿ ರಕ್ತವಿಲ್ಲ, ನೋವಿಲ್ಲ, ನಮ್ಮ ಉಗುರಿನ ತುದಿಯ ಹಾಗೆ. ಉಳಿದ ಬುಡದೊಳಗೆ ಬಿದಿರಿನ ಸಣ್ಣ ಮೊಳೆ ಇಳಿಸಿ, ಮೊಳೆಯ ಇನ್ನೊಂದು ತುದಿಗೆ ಬೇರೆ ಗರಿಯನ್ನು ಸಿಕ್ಕಿಸಿ ಅಂಟಿಸುವುದು. ಹಕ್ಕಿ ಅದೇ ದಿನ ಹಾರಬಹುದು. ಮುಂದೆ ಗರಿ ಉದುರಿಸುವ ಕಾಲ ಬಂದಾಗ ಎರವಲಿನದ್ದು ಬಿದ್ದು ಸ್ವಂತದ್ದು ಬರುತ್ತದೆ. ಆದರೆ ಗರಿ ಬೇಕು. ಸತ್ತ ನೀಲಕಂಠ ಬೇಕು.

ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ಸಾಯುವ ಹಕ್ಕಿಗಳಿಗೆ ಕೊರತೆಯಿಲ್ಲ. ರಕ್ಷಕ ತನ್ನ ಮೇಲಿನವರಿಂದ ಅನುಮತಿ ಪಡೆದು ಮೋಟರ್‌ಸೈಕಲ್ಲಿನಲ್ಲಿ ಹುಡುಕುತ್ತ ಹೊರಟ. ಮರುದಿನವೇ ಮನ್ನಾಏಖೇಳ್ಳಿ ಹತ್ತಿರದಿಂದ ಫೋನ್. ದನಿ ಕುಣಿಯುತ್ತಿತ್ತು. "ಸಿಕ್ತು ನೋಡ್ರಿ ಸಾಹೇಬ್ರ! ತಲಿ ಹೋಗೇದ, ಎರಡೂ ರೆಕ್ಕಿ ಸಾಬೂತ್ ಅವ, ಮುರಿದಿಲ್ಲ. ಒಂದ್ ರೆಕ್ಕಿ ತಗೊಳ್ಳಾಕ ಪರ್ಮಿಷನ್ ಅದ, ಉಳಿದದ್ದು ಇಲ್ಲೇ ಸುಡಬೇಕು. ಎಡದ್ದೋ ಬಲದ್ದೋ?"

ಮೇಜಿನ ಮೇಲೆ ಅಂಗಾತ ಮಲಗಿಸಿ ರೆಕ್ಕೆ ಬಿಡಿಸಿದ್ದ ಚಿತ್ರ ಕಣ್ಣ ಮುಂದೆ ತಂದುಕೊಂಡೆ. ಕತ್ತರಿಸಿದ್ದು ನನ್ನ ಬಲಗೈಯ ಕಡೆ ಇತ್ತು. "ಬಲ," ಎಂದೆ, ಸಂಶಯವೇ ಇಲ್ಲದೆ. ನನ್ನ ಬದುಕಿನಲ್ಲಿ ಸಂಶಯವಿಲ್ಲದೆ ಹೇಳಿದ ಮಾತುಗಳು ಕಡಿಮೆ. ಅವುಗಳ ಗತಿ ಹೀಗೆಯೇ.

ಇಷ್ಟು ವರ್ಷ ಎಮ್ಮೆಯ ಹಿಂದೆ ನಿಂತು ಗರ್ಭ ಪರೀಕ್ಷೆ ಮಾಡಿದ ಮನುಷ್ಯ ನಾನು. ಹಿಂದೆ ನಿಂತವನಿಗೆ ಎಮ್ಮೆಯ ಬಲ ತನ್ನ ಬಲ, ಎಮ್ಮೆಯ ಎಡ ತನ್ನ ಎಡ. ಅಂಗಾತ ಮಲಗಿ ನನ್ನನ್ನೇ ದಿಟ್ಟಿಸುವ ರೋಗಿ ನನಗೆ ಇದೇ ಮೊದಲು. ಸಂಜೆ ರಕ್ಷಕ ಕಾಗದದಲ್ಲಿ ಸುತ್ತಿ ತಂದ ರೆಕ್ಕೆಯನ್ನು ವಿಡಿಯೋದಲ್ಲಿ ಹಿಗ್ಗಿನಿಂದ ಮೇಡಂಗೆ ತೋರಿಸಿದೆ. ಅವರು, "ಹಕ್ಕಿಯನ್ನು ಮಗುಚಿ ಹಿಡಿಯಿರಿ ಸರ್," ಎಂದರು. ಮಗುಚಿದೆ. ಕತ್ತರಿಸಿದ್ದು ಎಡ ರೆಕ್ಕೆ.

"ಬಲದ್ದನ್ನೇ ತಿರುಗಿಸಿ ಹಾಕಿದರೆ?"

"ಎಡಗಾಲಿಗೆ ಬಲಗಾಲಿನ ಬೂಟು ಹಾಕಿ ಓಡಿ ನೋಡಿ. ಗರಿಯ ಬಾಗೇ ಉಲ್ಟಾ ಇರುತ್ತದೆ."

ರಕ್ಷಕ ಪಕ್ಕದಲ್ಲೇ ನಿಂತಿದ್ದ. "ಸುಟ್ಟುಬಿಟ್ಟೆನಲ್ರಿ ಎಡದ್ದು," ಎಂದ ಮೆಲ್ಲಗೆ. ಕಂಪೌಂಡರ್ ಮೆಲ್ಲಗೆ ಮಾತಾಡುವ ಜಾತಿಯಲ್ಲ. "ದನಾ ಆಗಿದ್ರ ತಪ್ತಿರಲಿಲ್ರಿ ನಮ್ಮ ಸಾಹೇಬ್ರು. ಬಾಲ ತೋರಿಸಿದ್ರ ಎಲ್ಲಾ ಸರಿ ಹೇಳ್ತಾರ."

ರಕ್ಷಕ ಎರಡು ದಿನ ಹೆದ್ದಾರಿ ಅಳೆದ. ಉಡ ಸಿಕ್ಕಿತು, ಬೆಕ್ಕು ಸಿಕ್ಕಿತು, ನೀಲಕಂಠ ಸಿಗಲಿಲ್ಲ. ಹಕ್ಕಿಯ ತೂಕ ಇನ್ನಷ್ಟು ಇಳಿಯಿತು. ಶನಿವಾರ ಹತ್ತಿರವಾಯಿತು, ಅದರಾಚೆಯೇ ಆ ಸೋಮವಾರ.

ಎರಡನೆಯ ದಿನ ಮಧ್ಯಾಹ್ನ ಕೋಟೆಯ ಕಡೆಯ ಓಣಿಯಲ್ಲಿ ಒಂದು ಆಡು ನೋಡಿ ಬರುತ್ತಿದ್ದೆ. ಮೇಲೆ ಪಾರಿವಾಳಗಳ ಗುಂಪೊಂದು ಬಿಸಿಲಲ್ಲಿ ಹೊರಳಿತು. ಬಿಳಿ ರೆಕ್ಕೆಗಳು ಒಟ್ಟಿಗೆ ಮಿಂಚಿದವು. ಸ್ಕೂಟರ್ ನಿಲ್ಲಿಸಿದೆ. ಹತ್ತು ದೊಡ್ಡ ಗರಿ ನೀಲಕಂಠಕ್ಕೆ, ಹತ್ತು ಪಾರಿವಾಳಕ್ಕೆ. ಸಣ್ಣ ತಳಿಯಾದರೆ ಉದ್ದವೂ ಹತ್ತಿರ ಬಂದೀತು. ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದೆ.

"ಬೇರೆ ಜಾತಿಯ ಗರಿ ಹಾಕಿದವರಿದ್ದಾರೆ ಎಂದು ಕೇಳಿದ್ದೇನೆ. ನಾನು ಮಾಡಿಲ್ಲ," ಎಂದರು ಅವರು. "ಉದ್ದ ಕತ್ತರಿಸಿ ಸರಿಮಾಡಬಹುದು. ಗಡಸುತನ ಹೇಗೋ ಗೊತ್ತಿಲ್ಲ. ಹೇನು, ಸೋಂಕು ದಾಟಬಾರದು. ಬಿಳಿ ಗರಿ ಗಿಡುಗನ ಕಣ್ಣಿಗೆ ಬೀಳಬಹುದು. ಸರ್, ಇದು ನಿಮ್ಮ ರೋಗಿ. ನಿರ್ಧಾರವೂ ನಿಮ್ಮದೇ."

ಕೆಡುವ ದಾರಿಗಳನ್ನು ಎಣಿಸುವುದು ನನಗೆ ಕರತಲಾಮಲಕ. ಎಣಿಸಿದೆ. ಆದರೆ ಆವತ್ತು ಇನ್ನೊಂದು ಬದಿಯನ್ನೂ ನೋಡಬೇಕಾಯಿತು: ಏನೂ ಮಾಡದಿದ್ದರೆ ಕೆಡುವುದು ನಿಶ್ಚಿತ, ಮತ್ತು ಅದು ನನ್ನ ಕಣ್ಣೆದುರು ಕೆಡುವುದಿಲ್ಲ, ಅಷ್ಟೇ ವ್ಯತ್ಯಾಸ. ಹಾಕೋಣ ಎಂದೆ. ಹೇಳಿದ ಮೇಲೆ ವಿಚಿತ್ರ ಪುಳಕ. ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬಂದು, ಉತ್ತರ ಗೊತ್ತಿದೆ ಅನ್ನಿಸಿದಾಗ ಆಗುತ್ತದಲ್ಲ, ಹಾಗೆ.

ಪಾರಿವಾಳಗಳ ಯಜಮಾನ ಒಬ್ಬ ದರ್ಜಿ. ಮಾಳಿಗೆಯ ಮೇಲೆ ಗೂಡು, ಕೆಳಗೆ ಹೊಲಿಗೆ ಮೆಷಿನ್. ಹಕ್ಕಿಗಳ ಮಾತು ಬಂದರೆ ಗಿರಾಕಿಯ ಅಳತೆ ಮರೆಯುವ ಮನುಷ್ಯ. ವಿಷಯ ಕೇಳಿ ಟೇಪನ್ನು ಕೊರಳಿಂದ ತೆಗೆದ.

"ಅರೆ ಡಾಕ್ಟರ್ ಸಾಬ್, ನೀಲಕಂಠಕ್ಕ ನನ್ನ ಕಬೂತರ್ ಗರಿ! ಹಾರಿ ಬಂದು ಸೀದಾ ನನ್ನ ಮಾಳಿಗಿ ಮ್ಯಾಲ ಕೂತ್ರ? ಕಬೂತರ್‌ಬಾಜಿ ಉಸೂಲ್ ಗೊತ್ತದ ಅಲ್ರಿ? ನನ್ನ ಮಾಳಿಗಿ ಮ್ಯಾಲ ಇಳಿದದ್ದು ನನ್ನದು."

"ಅದು ಜ್ವಾಳ ತಿನ್ನಂಗಿಲ್ಲ ಭಾಯ್. ಹುಳಾ ಹಿಡಕೊಡಬೇಕಾಗತದ. ನಮ್ಮ ಕಂಪೌಂಡರ್‌ನ ಕೇಳ್ರಿ."

"ತೌಬಾ," ಎಂದು ನಕ್ಕು ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದ. ಗರಿ ಉದುರುವ ಕಾಲವಾದ್ದರಿಂದ ತುಂಬಿತ್ತು. ಓಣಿಯವರು ಕಿವಿ ಕೆರೆದುಕೊಳ್ಳಲು ಕೇಳಿ ಒಯ್ಯುತ್ತಾರಂತೆ. ನನ್ನ ಮುಖ ನೋಡಿ, "ವಾಪಸ್ ಕೊಟ್ಟದ್ದು ಇದರಾಗ ಹಾಕಂಗಿಲ್ರಿ, ಫಿಕರ್ ಮಾಡಬ್ಯಾಡ್ರಿ," ಎಂದ.

ಅವನ ಹೊಲಿಗೆ ಮೇಜಿನ ಮೇಲೆ ಗರಿಗಳನ್ನು ಹರಡಿದೆ. ಈ ಸಲ ಎಡ ಯಾವುದು ಎಂದು ಮೂರು ರೀತಿಯಿಂದ ಖಾತ್ರಿ ಮಾಡಿಕೊಂಡೆ. ಬೂದು ಗರಿ ಸಿಕ್ಕರೆ ಚೆನ್ನಾಗಿತ್ತು, ಆದರೆ ಅಳತೆಗೆ ಬಂದವೆಲ್ಲ ಒಂದು ಸಣ್ಣ ಬಿಳಿ ತಳಿಯವು. ಏಳು ಆರಿಸಿ, ತೊಳೆದು, ಹೇನಿನ ಮೊಟ್ಟೆಗಳು ಸಾಯಲೆಂದು ಮನೆಯ ಫ್ರೀಜರಿನಲ್ಲಿಟ್ಟೆ. ಹೆಂಡತಿ ಬಾಗಿಲು ತೆರೆದು, "ಬಟಾಣಿ ಪಕ್ಕದಾಗ ಇದೇನ್ರಿ?" ಎಂದಳು. ಹೇಳಿದೆ. "ಬಟಾಣಿ ನೀವೇ ತಿನ್ರಿ," ಎಂದಳು.

ಶನಿವಾರ ಹುಮನಾಬಾದಿನ ಸಭಾಂಗಣ ತುಂಬಿತ್ತು. ಎಲ್ಲರ ಬಾಯಿಗೂ ಬಲ ರೆಕ್ಕೆಯ ಕಥೆ ಆಗಲೇ ತಲುಪಿತ್ತು. ಗೆಳೆಯನೊಬ್ಬ ನನ್ನ ಎಡಗೈ ಕುಲುಕಿ, "ಇದು ಎಡದ್ದಲ್ಲೇನಪಾ?" ಎಂದ. ಮೇಡಂ ಅರಿವಳಿಕೆಯ ಅನಿಲದ ಯಂತ್ರ ತಂದಿದ್ದರು. ಸಿರಿಂಜಿನ ಹಿಂಬದಿ ಕತ್ತರಿಸಿ ಮಾಡಿದ ಪುಟ್ಟ ಮುಖವಾಡದೊಳಗೆ ಕೊಕ್ಕು ಹೋಯಿತು. ಕಣ್ಣಿನ ಸಿಟ್ಟು ನಿಧಾನಕ್ಕೆ ಮುಚ್ಚಿತು. ಕೆಳಗೆ ಬಿಸಿನೀರಿನ ಚೀಲ, ಪಕ್ಕದಲ್ಲಿ ಉಸಿರು ನೋಡಲು ಒಬ್ಬರು. ನಾನು ಹೆರಿಗೆ ಕೋಣೆಯ ಹೊರಗೆ ಕೂತ ಗಂಡನ ಹಾಗೆ ಬೆವರುತ್ತಿದ್ದೆ. ವ್ಯತ್ಯಾಸವೆಂದರೆ ಕತ್ತರಿ ನನ್ನ ಕೈಯಲ್ಲೇ ಇತ್ತು.

ಒಳಗಿನ ಗರಿಯಿಂದ ಶುರುಮಾಡಿ ಹೊರಗಿನದರತ್ತ ಹೊರಟೆವು. ಬುಡವನ್ನು ನೇರ ಕತ್ತರಿಸಿ, ಬಿದಿರಿನ ಮೊಳೆಯನ್ನು ಒಳಗೆ ಬಿಗಿಯಾಗಿ ಆದರೆ ದಂಟು ಸೀಳದಂತೆ ಕೂರಿಸಬೇಕು. ಅಂಟು ಪಕ್ಕದ ಗರಿಗೆ ತಾಗದಂತೆ ಕೆಳಗೊಂದು ಕಾಗದದ ಚೂರು. ಗರಿಯನ್ನು ಸಿಕ್ಕಿಸಿ, ಅದರ ಪಾತಳಿ ನೆರೆಯ ಗರಿಯ ಕೆಳಗೆ ಸರಿಯಾಗಿ ಜಾರುವಂತೆ ತಿರುಗಿಸಿ, ಅಂಟು ಗಟ್ಟಿಯಾಗುವವರೆಗೆ ಹಿಡಿಯಬೇಕು. ಮೊದಲನೆಯದು ಕೂತಿತು. ಎರಡನೆಯದಕ್ಕೆ ನನ್ನ ಬೆರಳೂ ಅಂಟಿಕೊಂಡಿತು, ಬಿಡಿಸಿದರು. ಮೂರು, ನಾಲ್ಕು. ಕೈ ಹಿಡಿತಕ್ಕೆ ಬಂದಿತ್ತು. ನನಗೇ ನಂಬಿಕೆಯಾಗದಷ್ಟು ಚೆನ್ನಾಗಿ ಬರುತ್ತಿತ್ತು. ನೀಲಿ ರೆಕ್ಕೆಯ ತುದಿಯಲ್ಲಿ ಬಿಳಿ ಬೀಸಣಿಗೆಯೊಂದು ಬಿಚ್ಚಿಕೊಳ್ಳುತ್ತಿತ್ತು, ಸುತ್ತ ನಿಂತವರೆಲ್ಲ ಉಸಿರು ಬಿಗಿಹಿಡಿದಿದ್ದರು.

"ಉಸಿರಿಲ್ಲ," ಎಂದರು ಪಕ್ಕದಲ್ಲಿದ್ದವರು.

ಅವರು ಹೇಳಿದ್ದು ಹಕ್ಕಿಯ ಬಗ್ಗೆ. ಮೇಡಂ ಅನಿಲ ಮುಚ್ಚಿ ಆಮ್ಲಜನಕ ಮಾತ್ರ ಬಿಟ್ಟರು. "ಸರ್, ನಿಮ್ಮ ಮಣಿಕಟ್ಟು." ನೋಡಿದೆ. ಐದನೆಯ ಗರಿಯನ್ನು ತಿರುಗಿಸುವ ಉಮೇದಿನಲ್ಲಿ ನನ್ನ ಬಲ ಮಣಿಕಟ್ಟು ಅದರ ಎದೆಯೆಲುಬಿನ ಮೇಲೆ ಒರಗಿತ್ತು. ಕಿತ್ತುಕೊಂಡೆ. ಮೇಡಂ ಎರಡು ಬೆರಳಿಂದ ಎದೆಯೆಲುಬನ್ನು ಎತ್ತಿ ಇಳಿಸಿದರು, ಎತ್ತಿ ಇಳಿಸಿದರು. ಆಮೇಲೆ ಅವರು ಬೆರಳು ತೆಗೆದರು. ಎದೆ ತಾನೇ ಮೇಲೆದ್ದಿತು.

"ಮುಂದುವರಿಸಿ," ಎಂದರು.

"ನೀವೇ ಮಾಡ್ರಿ ಮೇಡಂ."

"ಇನ್ನೆರಡೂ ಮುಕ್ಕಾಲು ಗರಿ ಉಳಿದಿದೆ. ಅನಿಲ ಕಡಿಮೆ ಮಾಡಿದ್ದೇನೆ, ಸಮಯ ಇಲ್ಲ. ಮುಂದುವರಿಸಿ ಸರ್."

ನನ್ನ ಜೊತೆ ಬಂದಿದ್ದ ಕಂಪೌಂಡರ್ ಮುಂದೆ ಬಂದು, ನನ್ನ ಮೊಣಕೈ ಕೆಳಗೆ ತನ್ನ ಎರಡೂ ಅಂಗೈ ಕೊಟ್ಟು ನಿಂತ. ಕೈ ಇನ್ನು ಕೆಳಗಿಳಿಯುವಂತಿರಲಿಲ್ಲ. ಹಾಗೆ ನಿಂತೇ ಐದು, ಆರು, ಏಳು ಮುಗಿಸಿದೆವು. ಉದ್ದ ಹೆಚ್ಚಿದ್ದ ತುದಿಗಳನ್ನು ಬಲ ರೆಕ್ಕೆಗೆ ಹೋಲಿಸಿ ಕತ್ತರಿಸಿದೆ. ಮುಖವಾಡ ತೆಗೆದ ಸ್ವಲ್ಪ ಹೊತ್ತಿಗೆ ಅದು ಕಣ್ಣು ತೆರೆದು ನನ್ನ ಹೆಬ್ಬೆರಳು ಕಚ್ಚಿತು. ಚಪ್ಪಾಳೆ ಬಿತ್ತು. ಯಾರಿಗೆಂದು ಕೇಳಲಿಲ್ಲ.

ಭಾನುವಾರ ಆಸ್ಪತ್ರೆಯ ಖಾಲಿ ಮೇವಿನ ಕೊಠಡಿಯಲ್ಲಿ ಬಿಟ್ಟು ನೋಡಿದೆವು. ಎಡಕ್ಕೆ ವಾಲಿ ಗೋಡೆಗೆ ಹಾಯಿತು. ಎರಡನೆಯ ಸಲವೂ ವಾಲಿತು, ಆದರೆ ಗೋಡೆಯ ಮುಂಚೆ ತಿರುಗಿತು. ಮೂರನೆಯದಕ್ಕೆ ಮೇಲಿನ ತೊಲೆ ಹಿಡಿದು ಕೂತು ನಮ್ಮನ್ನು ನೋಡಿತು. ಆದರೆ ಕೆಳಗೆ ಮಿಡತೆ ಬಿಟ್ಟರೂ ಇಳಿಯಲಿಲ್ಲ. "ಹಾರತದ, ತಿನ್ನಂಗಿಲ್ಲ," ಎಂದ ರಕ್ಷಕ. "ಸಾಹೇಬ್ರಿಗೆ ಏನಂತ ಹೇಳ್ಲಿ?" ಮೇಡಂ ಫೋನಿನಲ್ಲಿ, ಗೋಡೆಗಳ ನಡುವೆ ಇನ್ನೇನೂ ಗೊತ್ತಾಗುವುದಿಲ್ಲ, ಹೊರಗೆ ಬಿಟ್ಟು ನೋಡಿ ಎಂದರು.

ಸೋಮವಾರ ಬೆಳಿಗ್ಗೆ ಹುಡಗಿ ಊರಿನ ಹೊಲದ ಬದಿ. ತೊಗರಿ ಹೂ ಬಿಟ್ಟಿತ್ತು, ಬದುವಿನುದ್ದಕ್ಕೂ ಕರೆಂಟಿನ ತಂತಿ. ಗಾಡಿ ರಸ್ತೆಯಲ್ಲಿ ನಿಂತಿತ್ತು, ಹಿಂದಿನ ಬಾಗಿಲು ತೆರೆದೇ ಇತ್ತು. ನಾನು ಗಿಡುಗನಿಗಾಗಿ ಆಕಾಶ ನೋಡಿದೆ, ನಾಯಿಗಾಗಿ ನೆಲ ನೋಡಿದೆ, ತಂತಿಗಾಗಿ ಮತ್ತೆ ಮೇಲೆ ನೋಡಿದೆ. "ಬಿಡ್ರಿ ಸಾಹೇಬ್ರ," ಎಂದ ಕಂಪೌಂಡರ್, "ಇಲ್ಲಾಂದ್ರ ನೀವು ಗಾಡಿ ಹತ್ರಿ, ಹಕ್ಕಿ ಇಲ್ಲೇ ಇರ್ಲಿ."

ಅಂಗೈ ತೆರೆದೆ.

ಕೆಳಗೆ ಬಿದ್ದಿತು ಎಂದುಕೊಂಡೆ. ತೊಗರಿಯ ಮೇಲೆ ಜಾರಿ, ಎಡಕ್ಕೆ ವಾಲಿ, ನೀಲಿ ಒಂದು ಬದಿ, ಬಿಳಿ ಒಂದು ಬದಿ, ಬಡಿದು ಬಡಿದು ಏರಿತು. ದೊಡ್ಡದೊಂದು ಬಾಗು ತಿರುಗಿ ತಂತಿಯ ಮೇಲೆ ಕೂತಿತು. ಬಾಲ ಮೇಲೆ ಕೆಳಗೆ ಆಡಿಸಿತು. ರೆಕ್ಕೆ ಬಿಚ್ಚಿ, ಬಿಳಿ ಗರಿಗಳನ್ನು ಕೊಕ್ಕಿನಿಂದ ಎಳೆದು ನೋಡಿತು. ಗರಿ ಬರಲಿಲ್ಲ. ಮಡಚಿಕೊಂಡು ಕೂತಿತು.

ನಾವೂ ಬದುವಿನ ಮೇಲೆ ಕೂತೆವು. ಗಾಡಿಯ ಡ್ರೈವರ್ ಒಮ್ಮೆ ಹಾರ್ನ್ ಹೊಡೆದ. ರಕ್ಷಕ ಕೈಯೆತ್ತಿ ತಡಿ ಎಂದ. ಬಿಸಿಲೇರಿತು. ಹಕ್ಕಿ ತಲೆ ವಾಲಿಸಿ ನೆಲ ನೋಡುತ್ತಿತ್ತು.

ಆಮೇಲೆ ಅದು ತಂತಿ ಬಿಟ್ಟಿತು. ಕಲ್ಲು ಬಿದ್ದಂತೆ ನೇರ ಕೆಳಗೆ. ನೆಲಕ್ಕೆ ಒಂದು ಮೊಳ ಇರುವಾಗ ಎರಡೂ ರೆಕ್ಕೆ ಒಟ್ಟಿಗೆ ಬಿಚ್ಚಿದವು, ಎರಡೂ ತಡೆದವು. ಹುಲ್ಲಲ್ಲಿ ಒಂದು ಕ್ಷಣ ಕಾಣಲಿಲ್ಲ. ಎದ್ದು ಬಂದಾಗ ಕೊಕ್ಕಿನಲ್ಲಿ ಮಿಡತೆಯ ಉದ್ದ ಕಾಲು ಒದೆಯುತ್ತಿತ್ತು. ತಂತಿಯ ಮೇಲೆ ಕೂತು, ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯತೊಡಗಿತು.

ನಾನು ಎದ್ದು ನಿಂತು ಕೂಗಿದೆನಂತೆ. ಏನೆಂದು ಕೂಗಿದೆನೋ ನೆನಪಿಲ್ಲ. ಕಂಪೌಂಡರ್ ನನ್ನ ಅಂಗಿ ಜಗ್ಗಿ ಕೂರಿಸಿದ.

"ಸುಮ್ಕಿರ್ರಿ ಸಾಹೇಬ್ರ," ಎಂದ. "ಅದು ಊಟ ಮಾಡಾಕತ್ತದ."